ಪೆನ್‌ಡ್ರೈವಿನಲ್ಲಿ ಲಿನಕ್ಸ್: ಮನೆಯ ಲ್ಯಾಪ್‌ಟಾಪಿನ ವಿಂಡೋಸನ್ನು ಮುಟ್ಟದೆ ಮಕ್ಕಳಿಗೊಂದು ಕಂಪ್ಯೂಟರ್

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಓದುವ ಮಕ್ಕಳಿಗೆ ಕಂಪ್ಯೂಟರ್ ಎಂದರೆ ಲಿನಕ್ಸ್, ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಉಚಿತ ವ್ಯವಸ್ಥೆ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ಕೈಟ್‌ನವರು ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ ವ್ಯವಸ್ಥೆ. ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ ಎಲ್ಲವನ್ನೂ ಮಕ್ಕಳು ಅದರಲ್ಲಿಯೇ ಕಲಿಯುತ್ತಾರೆ, ಎಸ್ಎಸ್ಎಲ್‌ಸಿಯ ಐಟಿ ಪರೀಕ್ಷೆಯನ್ನೂ ಅದರಲ್ಲಿಯೇ ಬರೆಯುತ್ತಾರೆ. ಮನೆಗೆ ಹೋದರೆ ಇರುವುದು ಅಪ್ಪನದೋ ಚಿಕ್ಕಪ್ಪನದೋ ವಿಂಡೋಸ್ ಲ್ಯಾಪ್‌ಟಾಪ್. ಅದರಲ್ಲಿ ಅಡಿಕೆಯ ಲೆಕ್ಕ, ಬ್ಯಾಂಕಿನ ಕಾಗದಪತ್ರ, ಮದುವೆಯ ಫೋಟೋಗಳು. ಮಗು ಹತ್ತಿರ ಹೋದರೆ 'ಅದನ್ನು ಮುಟ್ಟಬೇಡ' ಎನ್ನುತ್ತಾರೆ. ಹಾಗೆ ಹೇಳುವ ಹೆತ್ತವರನ್ನು ನಾನು ದೂರುವುದಿಲ್ಲ. ಅವರ ಹೆದರಿಕೆಗೆ ಕಾರಣವಿದೆ.

ನಾನು ಗಣಿತದ ಟೀಚರ್, ಶಾಲೆಯ ಲ್ಯಾಬಿನ ಜವಾಬ್ದಾರಿಯೂ ನನ್ನದು. ಪೆರ್ಲ, ಬದಿಯಡ್ಕ, ನೀರ್ಚಾಲು, ಸೀತಾಂಗೋಳಿ ಕಡೆಯ ಹೆತ್ತವರು ನನ್ನಲ್ಲಿ ಹೆಚ್ಚಾಗಿ ಕೇಳುವುದು 'ಇವಳಿಗೆ ಹೊಸ ಲ್ಯಾಪ್‌ಟಾಪ್ ತೆಗೆದುಕೊಡಬೇಕೇ ಟೀಚರ್' ಎಂದು. ಬೇಡ ಎಂದೇ ನನ್ನ ಉತ್ತರ. ಒಂದು ಒಳ್ಳೆಯ ಪೆನ್‌ಡ್ರೈವ್ ಸಾಕು. ಕಂಪ್ಯೂಟರಿನ ವ್ಯವಸ್ಥೆಯನ್ನು ಇಡಿಯಾಗಿ ಅದರೊಳಗೆ ಇಟ್ಟು, ಮನೆಯ ಲ್ಯಾಪ್‌ಟಾಪನ್ನು ಅದರಿಂದಲೇ ಓಡಿಸಬಹುದು. ಚುಚ್ಚಿದಾಗ ಅದು ಮಗುವಿನ ಲಿನಕ್ಸ್ ಯಂತ್ರ, ತೆಗೆದಾಗ ಅಪ್ಪನ ವಿಂಡೋಸ್ ಯಂತ್ರ. ಒಳಗಿನ ಹಾರ್ಡ್‌ಡಿಸ್ಕ್ ಸತ್ತು ಮೂಲೆ ಸೇರಿದ ಲ್ಯಾಪ್‌ಟಾಪ್ ಇದ್ದರಂತೂ ಇನ್ನೂ ಅನುಕೂಲ. ಡಿಸ್ಕ್ ಇಲ್ಲದೆಯೂ ಅದು ಪೆನ್‌ಡ್ರೈವಿನಿಂದ ಓಡುತ್ತದೆ.

ಇದು ಈಗ ಇನ್ನಷ್ಟು ಮುಖ್ಯವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ನಮ್ಮ ಮನೆಗಳಲ್ಲಿರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅವೆರಡೂ ಇಲ್ಲ. ಯಂತ್ರ ಗಟ್ಟಿಯಾಗಿದ್ದರೂ ಗುಜರಿಗೆ ಹಾಕುವ ಮಾತು ಬರುತ್ತದೆ. ಹಾಕುವ ಮೊದಲು ಇಲ್ಲಿ ಬರೆದದ್ದನ್ನು ಒಮ್ಮೆ ಮಾಡಿ ನೋಡಿ.

ಒಳಗೆ ನಡೆಯುವುದೇನು

ಹೆತ್ತವರ ಹೆದರಿಕೆ ಹೋಗಬೇಕಾದರೆ ಇದು ತಿಳಿದಿರಬೇಕು. ಲೈವ್ ವ್ಯವಸ್ಥೆ ಎನ್ನುವುದರಲ್ಲಿ ಇಡೀ ಲಿನಕ್ಸ್ ಒಂದೇ ದೊಡ್ಡ ಫೈಲಿನೊಳಗೆ ಒತ್ತಿ ತುಂಬಿರುತ್ತದೆ. ಅದನ್ನು ಓದಬಹುದು, ಬದಲಿಸಲಾಗದು. ಯಂತ್ರ ಓಡುತ್ತಿರುವಾಗ ನೀವು ಮಾಡುವ ಬದಲಾವಣೆಗಳೆಲ್ಲ ಬೇರೆಯೇ ಒಂದು ಪದರಕ್ಕೆ ಹೋಗುತ್ತವೆ. ಅಚ್ಚಾದ ಪುಸ್ತಕದ ಮೇಲೆ ಪಾರದರ್ಶಕ ಹಾಳೆ ಹಾಸಿ ಅದರ ಮೇಲೆ ಗೀಚಿದ ಹಾಗೆ: ಕಣ್ಣಿಗೆ ಎರಡೂ ಒಟ್ಟಾಗಿ ಕಾಣುತ್ತವೆ, ಪುಸ್ತಕಕ್ಕೆ ಮಾತ್ರ ಏನೂ ಆಗುವುದಿಲ್ಲ.

ಆ ಮೇಲಿನ ಪದರ ಎಲ್ಲಿರುತ್ತದೆ ಎನ್ನುವುದರಲ್ಲೇ ಎಲ್ಲವೂ ಇದೆ. ಸಾಮಾನ್ಯವಾಗಿ ಅದು ರ‍್ಯಾಮ್‌ನಲ್ಲಿರುತ್ತದೆ. ಯಂತ್ರ ಆಫ್ ಮಾಡಿದರೆ ಬರೆದದ್ದೂ ಹೋಯಿತು. ಯಾವುದೋ ಅಂಗಡಿಯ ಕಂಪ್ಯೂಟರಿನಲ್ಲಿ ಒಮ್ಮೆ ಕೆಲಸ ಮಾಡಿ ಎದ್ದು ಹೋಗುವವರಿಗೆ ಅದೇ ಒಳ್ಳೆಯದು. ಮಗುವಿಗೆ ಅದು ಸಾಲದು, ಇಂದು ಅರ್ಧ ಮಾಡಿದ ಚಿತ್ರ ನಾಳೆಯೂ ಅಲ್ಲೇ ಇರಬೇಕು. ಅದಕ್ಕಾಗಿ ಪೆನ್‌ಡ್ರೈವಿನಲ್ಲಿಯೇ ಒಂದು ಭಾಗವನ್ನು ಆ ಪದರಕ್ಕೆಂದು ಬಿಟ್ಟುಕೊಡುತ್ತೇವೆ. ಇದಕ್ಕೆ ಪರ್ಸಿಸ್ಟೆನ್ಸ್ ಎನ್ನುತ್ತಾರೆ. ಮುಂದೆ ಹೇಳುವ ತಯಾರಿಯಲ್ಲಿ ಈ ಒಂದು ಮಾತು ತಪ್ಪಿದರೆ ಉಳಿದದ್ದೆಲ್ಲ ಸರಿಯಾಗಿದ್ದೂ ಪ್ರಯೋಜನವಿಲ್ಲ.

ಇದೇ ರೀತಿ ವಿಂಡೋಸನ್ನೇ ಪೆನ್‌ಡ್ರೈವಿನಿಂದ ಓಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ವಿಂಡೋಸ್ 8ರ ಕಾಲದಲ್ಲಿ ಮೈಕ್ರೋಸಾಫ್ಟ್ ದೊಡ್ಡ ಸಂಸ್ಥೆಗಳಿಗಾಗಿ ವಿಂಡೋಸ್ ಟು ಗೋ ಎಂಬುದನ್ನು ತಂದಿತ್ತು. 2020ರ ಆವೃತ್ತಿಯಿಂದ ಅದನ್ನು ತೆಗೆದುಹಾಕಿತು. ಮನೆಯ ಬಳಕೆಗೆ ಲಿನಕ್ಸೇ ಸರಿಯಾದ ದಾರಿ, ಅದೂ ಶಾಲೆಯಲ್ಲಿ ಮಗುವಿನ ಕೈ ಪಳಗಿರುವಾಗ.

ಯಾವ ಪೆನ್‌ಡ್ರೈವ್ ತೆಗೆದುಕೊಳ್ಳಬೇಕು

32 ಜಿಬಿಯದು ಬೇಕು, ಯುಎಸ್‌ಬಿ 3.0 ಇರಬೇಕು. 16 ಜಿಬಿಯಲ್ಲಿಯೂ ನಡೆಯುತ್ತದೆ, ಆದರೆ ಬೇಗ ಇಕ್ಕಟ್ಟಾಗುತ್ತದೆ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದು 5 ಗಿಗಾಬಿಟ್. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ 3.0 ಕಿಂಡಿಯ ಒಳನಾಲಿಗೆ ನೀಲಿ ಬಣ್ಣದ್ದಾಗಿರುತ್ತದೆ, ಚುಚ್ಚುವಾಗ ಅದನ್ನೇ ಆರಿಸಿ. ಡಬ್ಬಿಯ ಮೇಲೆ ಬರೆದ ವೇಗವನ್ನು ಪೂರ್ತಿ ನಂಬಬೇಡಿ. ಅದು ದೊಡ್ಡ ಫೈಲನ್ನು ಒಂದೇ ಓಟಕ್ಕೆ ಓದುವ ವೇಗ. ಒಂದು ವ್ಯವಸ್ಥೆ ಓಡುವಾಗ ಚೂರುಚೂರು ಬರಹಗಳು ಸಾವಿರಾರು ನಡೆಯುತ್ತವೆ, ಅಗ್ಗದ ಪೆನ್‌ಡ್ರೈವ್ ತಡವರಿಸುವುದು ಅಲ್ಲಿಯೇ.

ತೀರ ಅಗ್ಗಕ್ಕೆ 1 ಟಿಬಿ, 2 ಟಿಬಿ ಎಂದು ಮಾರುವ ಪೆನ್‌ಡ್ರೈವುಗಳ ಹತ್ತಿರವೂ ಹೋಗಬೇಡಿ. ಒಳಗಿನ ಚಿಪ್ಪು ಸಣ್ಣದಿರುತ್ತದೆ, ಕಂಪ್ಯೂಟರಿಗೆ ಮಾತ್ರ ದೊಡ್ಡ ಲೆಕ್ಕ ತೋರಿಸುವಂತೆ ತಿರುಚಿರುತ್ತಾರೆ. ಇರುವ ಜಾಗ ತುಂಬಿದ ಮೇಲೆ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ, ತಪ್ಪಾಯಿತೆಂಬ ಸೂಚನೆಯೂ ಬರುವುದಿಲ್ಲ. ಹೊಸ ಪೆನ್‌ಡ್ರೈವ್ ಯಾವುದೇ ಇರಲಿ, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ತಂತ್ರಾಂಶದಿಂದಲೋ ಲಿನಕ್ಸಿನಲ್ಲಿ ಎಫ್3ಯಿಂದಲೋ ಒಮ್ಮೆ ಪೂರ್ತಿ ತುಂಬಿಸಿ, ಓದಿಸಿ ನೋಡಿ. ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಾಕಿಟ್ಟು ಮಲಗಿ. ಮಗುವಿನ ವರ್ಷದ ಕೆಲಸವೆಲ್ಲ ಅದರೊಳಗೆ ಹೋಗುವುದರಿಂದ ಈ ಪರೀಕ್ಷೆಯನ್ನು ಬಿಡಬಾರದು.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರು ಪೆನ್‌ಡ್ರೈವಿನ ಬದಲು ಸಣ್ಣದೊಂದು ಎಸ್ಎಸ್‌ಡಿ, ಅದಕ್ಕೊಂದು ಯುಎಸ್‌ಬಿ ಕವಚ ಕೊಳ್ಳಿ. ವೇಗಕ್ಕೂ ಬಾಳಿಕೆಗೂ ಹೋಲಿಕೆಯೇ ಇಲ್ಲ. ಲ್ಯಾಪ್‌ಟಾಪ್ ರಿಪೇರಿಯವರಲ್ಲಿ ಬಿಚ್ಚಿಟ್ಟ ಹಳೆಯ 120 ಜಿಬಿ ಎಸ್ಎಸ್‌ಡಿ ಸಿಕ್ಕರೂ ಸಾಕು.

ತಯಾರಿ

ನಾನು ಮಕ್ಕಳಿಗೆ ಮಾಡಿಕೊಡುವುದು ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು. ಅದೂ ಶಾಲೆಯ ವ್ಯವಸ್ಥೆಯ ಹಾಗೆ ಉಬುಂಟುವಿನ ಮೇಲೆಯೇ ನಿಂತದ್ದು. ಆದ್ದರಿಂದ ಪಾಠದಲ್ಲಿ ಬರುವ ತಂತ್ರಾಂಶಗಳು ಅದರಲ್ಲಿಯೂ ಸಿಗುತ್ತವೆ. ಹಳೆಯ ಯಂತ್ರಕ್ಕೆ ಭಾರವಲ್ಲ: ರ‍್ಯಾಮ್ 2 ಜಿಬಿ ಇದ್ದರೆ ಏಳುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರ ವರೆಗೆ ಬೆಂಬಲವಿದೆ, ಮಗುವಿನ ಹೈಸ್ಕೂಲು ಮುಗಿಯುವಷ್ಟು ಕಾಲ ಧಾರಾಳವಾಗಿ ಆಯಿತು. ಯಂತ್ರ ತೀರ ಹಳೆಯ 32 ಬಿಟ್ ಪ್ರೊಸೆಸರಿನದಾದರೆ ಮಿಂಟ್ 22 ಓಡುವುದಿಲ್ಲ, ಇನ್ನೂ ಹಗುರವಾದ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್ ನೋಡಬೇಕಾಗುತ್ತದೆ.

ಮಿಂಟಿನ ಅಧಿಕೃತ ತಾಣದಿಂದ ಐಎಸ್‌ಒ ಫೈಲನ್ನು, ಅಂದರೆ ಇಡೀ ವ್ಯವಸ್ಥೆಯನ್ನು ಒಂದಾಗಿ ಕಟ್ಟಿಟ್ಟ ಫೈಲನ್ನು, ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇದೆ. ಗುಡ್ಡದ ಬದಿಯ ಮನೆಗಳಲ್ಲಿ ಮೊಬೈಲ್ ಇಂಟರ್‌ನೆಟ್ ನಡುವೆ ಕಡಿದುಹೋಗುವುದು ಸಾಮಾನ್ಯ. ಅಂಥವರು ಟೊರೆಂಟ್ ಮೂಲಕ ಇಳಿಸಿ, ಕಡಿದಲ್ಲಿಂದಲೇ ಮುಂದುವರಿಯುತ್ತದೆ.

ಬಳಿಕ ವಿಂಡೋಸಿನಲ್ಲಿ ರೂಫಸ್ ಎಂಬ ತಂತ್ರಾಂಶವನ್ನು ತೆರೆಯಿರಿ. ಇದನ್ನು ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ, ಇಳಿಸಿ ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವ್ ಚುಚ್ಚಿದೊಡನೆ ಡಿವೈಸ್ ಎಂಬಲ್ಲಿ ಅದರ ಹೆಸರು ಬರುತ್ತದೆ. ಇಲ್ಲಿ ಎರಡು ಸಲ ಓದಿ. ಬೇರೆ ಪೆನ್‌ಡ್ರೈವ್ ಚುಚ್ಚಿಕೊಂಡಿದ್ದರೆ ಮೊದಲೇ ತೆಗೆದಿಡಿ, ಏಕೆಂದರೆ ಇಲ್ಲಿ ಆರಿಸಿದ್ದು ಪೂರ್ತಿ ಅಳಿಸಿಹೋಗುತ್ತದೆ. ಸೆಲೆಕ್ಟ್ ಒತ್ತಿ ಐಎಸ್‌ಒ ಫೈಲನ್ನು ತೋರಿಸಿ. ಅದರ ಪಕ್ಕದಲ್ಲಿ ಸರಿ ಗುರುತಿನ ಸಣ್ಣ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಫೈಲಿನ ಎಸ್ಎಚ್‌ಎ 256 ಮೊತ್ತವನ್ನು ಲೆಕ್ಕ ಹಾಕಿ ತೋರಿಸುತ್ತದೆ. ಮಿಂಟಿನ ತಾಣದಲ್ಲಿ ಕೊಟ್ಟಿರುವ ಮೊತ್ತಕ್ಕೆ ಅದು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೊಂದದಿದ್ದರೆ ಫೈಲು ಕೆಟ್ಟಿದೆ, ಮತ್ತೊಮ್ಮೆ ಇಳಿಸಿ.

ಈಗ ಪರ್ಸಿಸ್ಟೆಂಟ್ ಪಾರ್ಟಿಶನ್ ಸೈಜ್ ಎಂಬ ಸಾಲು ನೋಡಿ. ಎಡದಲ್ಲಿ ಸೊನ್ನೆಯಲ್ಲಿ ನಿಂತಿರುವ ಗುಬುಟನ್ನು ಬಲಕ್ಕೆ ಎಳೆಯಬೇಕು. 32 ಜಿಬಿಯ ಪೆನ್‌ಡ್ರೈವಿನಲ್ಲಿ ನಾನು 20 ಜಿಬಿ ಇಡುತ್ತೇನೆ. ಪಾರ್ಟಿಶನ್ ಸ್ಕೀಮ್ ಎಂಬಲ್ಲಿ ಎಂಬಿಆರ್ ಇರಲಿ, ಹಳೆಯ ಬಯೋಸ್ ಯಂತ್ರಕ್ಕೂ ಹೊಸ ಯುಇಎಫ್‌ಐ ಯಂತ್ರಕ್ಕೂ ಒಂದೇ ಪೆನ್‌ಡ್ರೈವ್ ಸಾಕಾಗುತ್ತದೆ (ಯಂತ್ರ ಹಾಕಿದೊಡನೆ ಮೊದಲು ಓಡುವ ಒಳಗಿನ ತಂತ್ರಾಂಶವೇ ಬಯೋಸ್, ಯುಇಎಫ್‌ಐ ಅದರ ಹೊಸ ರೂಪ). ಸ್ಟಾರ್ಟ್ ಒತ್ತಿದಾಗ ಐಎಸ್‌ಒ ಮಾದರಿಯೋ ಡಿಡಿ ಮಾದರಿಯೋ ಎಂದು ಕೇಳುತ್ತದೆ. ಐಎಸ್‌ಒ ಎನ್ನಿ. ಡಿಡಿ ಎಂದರೆ ನೀವು ಎಳೆದಿಟ್ಟ ಜಾಗ ಸಿಗುವುದಿಲ್ಲ. ಇನ್ನೂ ಒಂದೆರಡು ಫೈಲು ಇಳಿಸಬೇಕೇ ಎಂದು ಕೇಳಿದರೆ ಹೌದು ಎನ್ನಿ. ನಂತರ ಹಸಿರು ಪಟ್ಟಿ ತುಂಬಿ 'ರೆಡಿ' ಎನ್ನುವ ವರೆಗೆ ಪೆನ್‌ಡ್ರೈವನ್ನು ಅಲುಗಾಡಿಸಬೇಡಿ.

ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಿಂದ ಎಬ್ಬಿಸುವುದು

ಹೆಚ್ಚಿನವರು ಕೈಬಿಡುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ವಿಂಡೋಸ್ ಇರುವ ಯಂತ್ರದಲ್ಲಿ ಡಿಸ್ಕ್ ಗೂಢಲಿಪಿಯಲ್ಲಿದೆಯೇ ನೋಡಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದವರಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿ ಏರ್ಪಾಡು ತಾನಾಗಿಯೇ ಚಾಲೂ ಆಗಿರಬಹುದು. ಬಯೋಸಿನಲ್ಲಿ ಸೆಕ್ಯೂರ್ ಬೂಟಿನಂಥ ಸಂಗತಿ (ನಂಬಿಕೆಯ ಸಹಿ ಇರುವ ವ್ಯವಸ್ಥೆಗಳನ್ನಷ್ಟೇ ಏಳಲು ಬಿಡುವ ಕಾವಲು) ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಇಲ್ಲವಾದರೆ ಒಳಗಿನ ಫೈಲುಗಳನ್ನು ಯಾರಿಂದಲೂ ತೆಗೆಯಲಾಗದು. ಖಾತೆಗೆ ಹೋಗಿ ಆ ಅಂಕಿಗಳನ್ನು ಕಾಗದದಲ್ಲಿ ಬರೆದು ರೇಶನ್ ಕಾರ್ಡಿನ ಜೊತೆ ಇಟ್ಟ ಮೇಲೆಯೇ ಮುಂದುವರಿಯಿರಿ. ಒಳ್ಳೆಯ ಸುದ್ದಿಯೆಂದರೆ ಮಿಂಟ್, ಉಬುಂಟು, ಡೆಬಿಯನ್ ಮೂರೂ ಸೆಕ್ಯೂರ್ ಬೂಟ್ ಚಾಲೂ ಇದ್ದಾಗಲೂ ಏಳುತ್ತವೆ. ಅದನ್ನು ಆಫ್ ಮಾಡುವ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ. ಪಪ್ಪಿಯಂಥವಕ್ಕೆ ಆಫ್ ಮಾಡಬೇಕಾದೀತು.

ಎರಡನೆಯದು, ವಿಂಡೋಸನ್ನು ಸರಿಯಾಗಿ ಮುಚ್ಚುವುದು. ಶಟ್‌ಡೌನ್ ಒತ್ತಿದರೂ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿನಿಂದಾಗಿ ವಿಂಡೋಸ್ ಅರೆನಿದ್ದೆಯಲ್ಲಿಯೇ ಇರುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಒತ್ತಿದರೆ ಪೂರ್ತಿ ಮುಚ್ಚುತ್ತದೆ.

ಈಗ ಪೆನ್‌ಡ್ರೈವ್ ಚುಚ್ಚಿ ಯಂತ್ರ ಹಾಕಿ, ಪರದೆಯಲ್ಲಿ ಕಂಪೆನಿಯ ಗುರುತು ಬರುವ ಮೊದಲೇ ಬೂಟ್ ಮೆನುವಿನ ಕೀಲಿಯನ್ನು ಟಕಟಕನೆ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಬಳಿಕ ಎಫ್9, ಏಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರಿನಲ್ಲಿಯೂ ಎಫ್12, ಆದರೆ ಅನೇಕ ಏಸರ್ ಯಂತ್ರಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸಿಗೆ ಹೋಗಿ 'ಎಫ್12 ಬೂಟ್ ಮೆನು' ಎಂಬುದನ್ನು ಎನೇಬಲ್ ಮಾಡಬೇಕಾಗುತ್ತದೆ. ಕೆಲವು ಲೆನೊವೊಗಳ ಪಕ್ಕದಲ್ಲಿ ಸೂಜಿಮೊನೆಯಿಂದ ಒತ್ತುವಷ್ಟು ಸಣ್ಣ ತೂತು ಇರುತ್ತದೆ, ಅದೇ ನೋವೋ ಗುಂಡಿ. ಈ ಕೀಲಿಗಳ ಓಟ ಹಿಡಿಸದಿದ್ದರೆ ವಿಂಡೋಸಿನೊಳಗಿಂದಲೂ ದಾರಿಯಿದೆ: ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದರೆ ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಎಂದು ಬರುತ್ತದೆ, ಅಲ್ಲಿ ಪೆನ್‌ಡ್ರೈವನ್ನು ಆರಿಸಿ.

ಮಿಂಟಿನ ಹಸಿರು ಗುರುತು ಬಂದರೆ ಅರ್ಧ ಗೆದ್ದಿರಿ. ಪರದೆ ಕಪ್ಪಾಗಿಯೇ ನಿಂತರೆ ಮತ್ತೊಮ್ಮೆ ಎಬ್ಬಿಸಿ, ಮೊದಲ ಪಟ್ಟಿಯಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಡೆಸ್ಕ್‌ಟಾಪ್ ತೆರೆದ ಮೇಲೆ ಮೊದಲು ಮಾಡಬೇಕಾದದ್ದು ಒಂದೇ: ಖಾಲಿ ಫೈಲೊಂದನ್ನು ಮಾಡಿ, ಒಂದು ಸಾಲು ಬರೆದು ಉಳಿಸಿ, ಯಂತ್ರವನ್ನು ಮುಚ್ಚಿ ಪುನಃ ಎಬ್ಬಿಸಿ. ಫೈಲು ಅಲ್ಲಿಯೇ ಇದ್ದರೆ ಪರ್ಸಿಸ್ಟೆನ್ಸ್ ಕೆಲಸ ಮಾಡುತ್ತಿದೆ. ಮಾಯವಾಗಿದ್ದರೆ ರೂಫಸಿನ ಆ ಗುಬುಟು ಸೊನ್ನೆಯಲ್ಲಿಯೇ ಉಳಿದಿತ್ತು, ಇಲ್ಲವೇ ಡಿಡಿ ಮಾದರಿ ಎಂದಿದ್ದಿರಿ ಎಂದರ್ಥ. ಮಗುವಿನ ಕೈಗೆ ಕೊಡುವ ಮೊದಲು ಈ ಪರೀಕ್ಷೆ ಆಗಲೇಬೇಕು.

ಡೆಸ್ಕ್‌ಟಾಪಿನಲ್ಲಿ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಎಂಬ ಚಿತ್ರವೊಂದು ಕೂತಿರುತ್ತದೆ. ಅದನ್ನು ಒತ್ತಿ ಮುಂದೆ ಮುಂದೆ ಎನ್ನುತ್ತ ಹೋದರೆ ಅಪ್ಪನ ಡಿಸ್ಕ್ ಅಳಿಸಿಹೋಗುವ ಸಾಧ್ಯತೆಯಿದೆ. ಮಕ್ಕಳಿಗೆ ಕೊಡುವ ಪೆನ್‌ಡ್ರೈವುಗಳಲ್ಲಿ ನಾನು ಆ ಚಿತ್ರವನ್ನು ಮೊದಲ ದಿನವೇ ಅಳಿಸುತ್ತೇನೆ. ಪರ್ಸಿಸ್ಟೆನ್ಸ್ ಇರುವುದರಿಂದ ಸಾಮಾನ್ಯವಾಗಿ ಅಳಿಸಿದ್ದು ಅಳಿಸಿದಂತೆಯೇ ಇರುತ್ತದೆ. ಮತ್ತೆ ಕಾಣಿಸಿಕೊಂಡರೆ ಅದನ್ನು ಮುಟ್ಟಕೂಡದೆಂದು ಮಗುವಿಗೆ ಬಿಡಿಸಿ ಹೇಳಿ. ಫೈಲುಗಳ ಕಿಟಕಿಯ ಎಡಬದಿಯಲ್ಲಿ ಒಳಗಿನ ಡಿಸ್ಕ್ ಕೂಡ ಕಾಣಿಸುತ್ತದೆ. ಒತ್ತದೆ ಇದ್ದರೆ ಅದು ತೆರೆದುಕೊಳ್ಳುವುದಿಲ್ಲ. ಒತ್ತಬಾರದು ಎಂಬ ಶಿಸ್ತನ್ನು ಮಗುವಿಗೆ ಹೇಳಿಕೊಡಿ. ನನ್ನ ಮಕ್ಕಳು ಇದನ್ನು ಚೆನ್ನಾಗಿ ಪಾಲಿಸುತ್ತಾರೆ, ಸ್ವಂತ ಕಂಪ್ಯೂಟರ್ ಸಿಕ್ಕ ಮೇಲೆ ಅವರಿಗೆ ಅಪ್ಪನದು ಬೇಕಿರುವುದಿಲ್ಲ.

ವೈಫೈ ಹಿಡಿಯದಿದ್ದರೆ, ಕೆಲವು ಹಳೆಯ ಬ್ರಾಡ್‌ಕಾಮ್ ಚಿಪ್ಪುಗಳಲ್ಲಿ ಹಾಗಾಗುತ್ತದೆ, ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಾಕಿ. ಆ ಇಂಟರ್‌ನೆಟ್ಟಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರನ್ನು ಅದೇ ಹುಡುಕಿಕೊಡುತ್ತದೆ.

ಇನ್ನೊಂದು ಸಣ್ಣ ಸಂಗತಿ ಹೆತ್ತವರನ್ನು ಗಾಬರಿಗೊಳಿಸುತ್ತದೆ. ಪೆನ್‌ಡ್ರೈವ್ ತೆಗೆದು ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದಿರಬಹುದು. ಲ್ಯಾಪ್‌ಟಾಪಿನೊಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನ್‌ವಿಚ್ ಕಾಲವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಕಾಲ ಎಂದು ಓದುತ್ತದೆ. ಎರಡರ ಅಂತರವೇ ಆ ಐದೂವರೆ ಗಂಟೆ. ಏನೂ ಕೆಟ್ಟಿಲ್ಲ. ವಿಂಡೋಸಿನ ದಿನಾಂಕ ಮತ್ತು ಸಮಯದ ಸೆಟ್ಟಿಂಗಿನಲ್ಲಿ 'ಸಿಂಕ್ ನೌ' ಒತ್ತಿದರೆ ಸರಿಹೋಗುತ್ತದೆ.

ಕನ್ನಡ ಬರಬೇಕು, ಮಲಯಾಳವೂ ಬರಬೇಕು

ಕನ್ನಡ ಬರೆಯಲಾಗದ ಕಂಪ್ಯೂಟರನ್ನು ಕನ್ನಡ ಮಾಧ್ಯಮದ ಮಗುವಿಗೆ ಕೊಡುವುದು ನನಗೆ ಒಪ್ಪದ ಮಾತು. ಸೆಟ್ಟಿಂಗ್ಸಿನಲ್ಲಿ ಕೀಬೋರ್ಡ್ ತೆರೆದು ಲೇಔಟ್ ಹಾಳೆಗೆ ಹೋಗಿ, 'ಯೂಸ್ ಸಿಸ್ಟಮ್ ಡಿಫಾಲ್ಟ್ಸ್' ಎಂಬುದನ್ನು ತೆಗೆಯಿರಿ. ಆ್ಯಡ್ ಒತ್ತಿ ಇಂಡಿಯನ್ ಎಂಬುದನ್ನು ಬಿಡಿಸಿದರೆ ಕನ್ನಡದ ಎರಡು ವಿನ್ಯಾಸಗಳಿವೆ. ಬರಿಯ 'ಕನ್ನಡ' ಎಂದಿರುವುದು ಇನ್‌ಸ್ಕ್ರಿಪ್ಟ್. 'ಕಗಪ' ಎಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯದು, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೆಚ್ಚಿನ ಕೀಲಿಗಳು ಪರಿಚಿತವೆನಿಸುತ್ತವೆ. ಮಗು ಶಾಲೆಯಲ್ಲಿ ಯಾವುದನ್ನು ಕಲಿತಿದೆಯೋ ಅದನ್ನೇ ಹಾಕಿ, ಎರಡನ್ನೂ ಹಾಕಿ ಗೊಂದಲ ಮಾಡಬೇಡಿ. ಇಂಗ್ಲಿಷಿಗೂ ಕನ್ನಡಕ್ಕೂ ಬದಲಾಯಿಸಲು ಆಲ್ಟ್ ಮತ್ತು ಶಿಫ್ಟನ್ನು ಅದೇ ಹಾಳೆಯಲ್ಲಿ ಗೊತ್ತುಮಾಡಬಹುದು.

ಅಕ್ಷರಗಳಿಗೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಎಂಬ ಫಾಂಟುಗಳು ಸಿಗುತ್ತವೆ, ಮೂರೂ ಉಚಿತ, ಮೂರೂ ಯೂನಿಕೋಡ್. ಪಾಠದ ಟಿಪ್ಪಣಿಗೆ ನನಗೆ ನವಿಲಿನ ಅಕ್ಷರ ಇಷ್ಟ, ಕೈಬರಹದ ಹತ್ತಿರ ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಫೈಲುಗಳನ್ನು ಇಲ್ಲಿ ತೆರೆದರೆ ಇಂಗ್ಲಿಷಿನ ಅಡ್ಡಾದಿಡ್ಡಿ ಗುರುತುಗಳು ಕಾಣುತ್ತವೆ. ಅದು ಪೆನ್‌ಡ್ರೈವಿನ ದೋಷವಲ್ಲ, ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಮಲಯಾಳವನ್ನೂ ಸೇರಿಸಿಬಿಡಿ. ಅರ್ಜಿಗಳು, ಆದೇಶಗಳು ಹೆಚ್ಚಾಗಿ ಆ ಭಾಷೆಯಲ್ಲಿಯೇ ಮನೆಗೆ ಬರುತ್ತವೆ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ನೋಡಿಕೊಳ್ಳುವ ಮೀರಾ, ರಚನಾ ಫಾಂಟುಗಳು ಓದಲು ಬಹಳ ಸ್ವಚ್ಛವಾಗಿವೆ.

ಕರೆಂಟು ಹೋಗುವ ಊರಿನಲ್ಲಿ

ಜೂನ್, ಜುಲೈ ಬಂತೆಂದರೆ ನಮ್ಮಲ್ಲಿ ಕರೆಂಟಿಗೆ ಹೇಳಿಕೇಳಿ ಹೋಗುವ ಅಭ್ಯಾಸವಿಲ್ಲ. ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೂ ಸಾಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಸತ್ತಿರುತ್ತದೆ, ಕರೆಂಟು ಹೋದ ಕ್ಷಣವೇ ಯಂತ್ರ ಆರುತ್ತದೆ. ಪೆನ್‌ಡ್ರೈವಿಗೆ ಬರೆಯುತ್ತಿದ್ದ ನಡುವೆ ಹಾಗಾದರೆ ಆ ಮೇಲಿನ ಪದರ ಕೆಡಬಹುದು. ಓಡುತ್ತಿರುವಾಗ ಪೆನ್‌ಡ್ರೈವನ್ನು ಕಿತ್ತರೂ ಅದೇ ಕಥೆ. ಹಾಗಾಗಿ ಮಳೆಗಾಲದಲ್ಲಿ ಬ್ಯಾಟರಿ ಇರುವ ಯಂತ್ರದಲ್ಲಿಯೇ ಕೆಲಸ ಮಾಡಿ, ಇನ್ವರ್ಟರ್ ಇದ್ದರೆ ಅದಕ್ಕೆ ಜೋಡಿಸಿ. ಗುಡುಗು ಶುರುವಾದರೆ ಮುಚ್ಚಿ, ಪ್ಲಗ್ ತೆಗೆಯಿರಿ. ಲಿಬ್ರೆ ಆಫೀಸಿನ ಆಯ್ಕೆಗಳಲ್ಲಿ ತಾನಾಗಿ ಉಳಿಸುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ.

ಫ್ಲ್ಯಾಶ್ ಚಿಪ್ಪಿನ ಪ್ರತಿ ಕೋಶವೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಸಿಕೊಳ್ಳುತ್ತದೆ, ಆಮೇಲೆ ಸವೆಯುತ್ತದೆ. ಹೆಚ್ಚು ಬರೆಯಿಸದಿದ್ದರೆ ಹೆಚ್ಚು ಬಾಳುತ್ತದೆ. ಬ್ರೌಸರಿನಲ್ಲಿ ಹತ್ತಿಪ್ಪತ್ತು ಪುಟಗಳನ್ನು ತೆರೆದಿಡುವುದು, ಸಿನಿಮಾ ಇಳಿಸುವುದು ಈ ಪೆನ್‌ಡ್ರೈವಿನಲ್ಲಿ ಬೇಡ. ಅಪ್‌ಡೇಟ್ ಮ್ಯಾನೇಜರ್ ನೂರಾರು ಮೆಗಾಬೈಟಿನ ಪಟ್ಟಿ ತೋರಿಸಿ ಕರೆಯುತ್ತದೆ, ಎಲ್ಲವನ್ನೂ ಒಟ್ಟಿಗೆ ಹಾಕಲು ಹೋಗಬೇಡಿ. ಬ್ರೌಸರನ್ನು ಮಾತ್ರ ಹೊಸದಾಗಿಡಿ. ಲಿನಕ್ಸಿನ ತಿರುಳಾದ ಕರ್ನೆಲ್‌ನ ಅಪ್‌ಡೇಟ್ ಹಾಕಿದರೂ ಉಪಯೋಗವಿಲ್ಲ: ಯಂತ್ರ ಏಳುವುದು ಅಚ್ಚಾದ ಮೂಲ ಫೈಲಿನಲ್ಲಿರುವ ಹಳೆಯ ಕರ್ನೆಲಿನಿಂದಲೇ. ಹೊಸದು ಸುಮ್ಮನೆ ಜಾಗ ತಿನ್ನುತ್ತ ಕೂರುತ್ತದೆ. ಮಿಂಟಿನ ಹೊಸ ಐಎಸ್‌ಒ ಬಂದಾಗ ಮಗುವಿನ ಫೈಲುಗಳನ್ನು ತೆಗೆದಿಟ್ಟು ಪೆನ್‌ಡ್ರೈವನ್ನೇ ಹೊಸದಾಗಿ ಮಾಡುವುದು ಸರಿಯಾದ ಕ್ರಮ.

ಈ ವ್ಯವಸ್ಥೆಗೆ ಪಾಸ್‌ವರ್ಡ್ ಇಲ್ಲ ಎಂಬುದನ್ನೂ ಮರೆಯಬೇಡಿ. ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದರೆ ಸಿಕ್ಕವರಿಗೆ ಒಳಗಿನದೆಲ್ಲ ತೆರೆದ ಪುಸ್ತಕ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಬಾರದು, ಆಧಾರ್ ಪ್ರತಿ, ಬ್ಯಾಂಕಿನ ಕಾಗದ ಇದರಲ್ಲಿ ಇಡಬಾರದು. ಹೊರಗಿನ ಕಂಪ್ಯೂಟರಿಗೆ ನಮ್ಮದೇ ಪೆನ್‌ಡ್ರೈವ್ ಚುಚ್ಚಿದರೆ ಬ್ಯಾಂಕಿನ ವ್ಯವಹಾರ ಸುರಕ್ಷಿತ ಎಂದು ಕೆಲವರು ನಂಬಿದ್ದಾರೆ. ಆ ಕಂಪ್ಯೂಟರಿನ ವಿಂಡೋಸಿನಲ್ಲಿರುವ ವೈರಸ್ಸಿನಿಂದ ನೀವು ಪಾರಾಗುತ್ತೀರಿ, ಅದು ನಿಜ. ಕೀಬೋರ್ಡಿನ ತಂತಿಗೇ ಸಿಕ್ಕಿಸಿದ ಕದಿಯುವ ಸಾಧನದಿಂದ ಪಾರಾಗುವುದಿಲ್ಲ.

ಪೆನ್‌ಡ್ರೈವಿಗೇ ಇನ್‌ಸ್ಟಾಲ್ ಮಾಡುವವರಿಗೆ ಒಂದು ಎಚ್ಚರಿಕೆ

ಎಸ್ಎಸ್‌ಡಿ ಕೊಂಡವರು ಲೈವ್ ಬಿಟ್ಟು ಅದಕ್ಕೇ ಪೂರ್ತಿಯಾಗಿ ಇನ್‌ಸ್ಟಾಲ್ ಮಾಡಬಹುದು. ಆಗ ಪಾಸ್‌ವರ್ಡ್ ಸಿಗುತ್ತದೆ, ಅಪ್‌ಡೇಟುಗಳೂ ಎಂದಿನಂತೆ ನಡೆಯುತ್ತವೆ. ಆದರೆ ಇನ್‌ಸ್ಟಾಲರಿಗೆ ಒಂದು ಕೆಟ್ಟ ಚಾಳಿಯಿದೆ. ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರನ್ನು ಯುಎಸ್‌ಬಿ ಡಿಸ್ಕಿನಲ್ಲಿ ಇಡು ಎಂದು ನೀವು ತೋರಿಸಿದರೂ ಯುಇಎಫ್‌ಐ ಯಂತ್ರಗಳಲ್ಲಿ ಅದು ಒಳಗಿನ ಡಿಸ್ಕಿನ ಇಎಫ್‌ಐ ಭಾಗದಲ್ಲಿ ಬರೆದುಬಿಡಬಹುದು. ಪರಿಣಾಮವಾಗಿ ಹೊರಗಿನ ಡಿಸ್ಕ್ ಬೇರೆ ಯಂತ್ರದಲ್ಲಿ ಏಳುವುದಿಲ್ಲ, ಅದನ್ನು ತೆಗೆದ ದಿನ ಅಪ್ಪನ ಲ್ಯಾಪ್‌ಟಾಪ್ ಕಪ್ಪು ಪರದೆಯಲ್ಲಿ ಗ್ರಬ್ ಎಂದು ಬರೆದು ನಿಲ್ಲುತ್ತದೆ. ಇದರಿಂದ ತಪ್ಪಿಸಿಕೊಳ್ಳುವ ಖಚಿತ ದಾರಿ, ಇನ್‌ಸ್ಟಾಲ್ ಮುಗಿಯುವ ತನಕ ಒಳಗಿನ ಡಿಸ್ಕನ್ನು ಬಿಚ್ಚಿಡುವುದು. ಕೆಲವು ಬಯೋಸುಗಳಲ್ಲಿ ಡಿಸ್ಕನ್ನು ಅಲ್ಲಿಯೇ ಆಫ್ ಮಾಡಿಡುವ ಅನುಕೂಲವಿದೆ. ಎರಡೂ ಆಗದಿದ್ದರೆ ಡಿಸ್ಕ್ ಸತ್ತುಹೋದ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮಾಡಿ, ನಂತರ ಎಲ್ಲಿ ಬೇಕಾದರೂ ಚುಚ್ಚಿ.

ಪೆನ್‌ಡ್ರೈವ್ ಏಳದೆ ಹೋದರೆ

ಮಗು ಅಳುತ್ತಾ ಬಂದರೂ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸಿಗೆ ಚುಚ್ಚಿದರೆ ಪರ್ಸಿಸ್ಟೆನ್ಸಿನ ಭಾಗ ಕಾಣುವುದಿಲ್ಲ. ಅದು ಎಕ್ಸ್‌ಟಿ4 ರೀತಿಯದು, ವಿಂಡೋಸಿಗೆ ಓದಲು ಬಾರದು. 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ' ಎಂಬ ಪ್ರಶ್ನೆ ಬರಬಹುದು. ಬೇಡ ಎಂದೇ ಒತ್ತಿ.

ಶಾಲೆಯ ಲ್ಯಾಬಿಗೆ ತನ್ನಿ, ಅಥವಾ ಲಿನಕ್ಸ್ ಇರುವ ಯಾವುದೇ ಯಂತ್ರಕ್ಕೆ ಒಯ್ಯಿರಿ. ಅಲ್ಲಿ ಚುಚ್ಚಿದರೆ ಆ ಭಾಗ ಬೇರೆ ಡಿಸ್ಕಿನಂತೆ ತೆರೆಯುತ್ತದೆ. ಒಳಗೆ ಅಪ್ಪರ್ ಮತ್ತು ವರ್ಕ್ ಎಂಬ ಎರಡು ಫೋಲ್ಡರುಗಳಿರುತ್ತವೆ. ವರ್ಕ್ ಅನ್ನು ಬಿಟ್ಟುಬಿಡಿ. ಅಪ್ಪರ್ ಒಳಗೆ ಹೋಮ್, ಅದರೊಳಗೆ ಮಿಂಟ್, ಅದರೊಳಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್: ಮಗು ಉಳಿಸಿದ್ದೆಲ್ಲ ಅಲ್ಲಿರುತ್ತದೆ. ತೆರೆಯಲು ಅಡ್ಮಿನ್ ಅನುಮತಿ ಕೇಳಿದರೆ ಲ್ಯಾಬಿನ ಟೀಚರನ್ನು ಕರೆಯಿರಿ. ಎಲ್ಲವನ್ನೂ ಬೇರೊಂದು ಪೆನ್‌ಡ್ರೈವಿಗೆ ನಕಲಿಸಿ, ಒಂದೆರಡು ಫೈಲುಗಳನ್ನು ತೆರೆದು ಸರಿಯಾಗಿವೆಯೇ ನೋಡಿದ ನಂತರವೇ ರೂಫಸಿನಲ್ಲಿ ಹಳೆಯದನ್ನು ಹೊಸದಾಗಿ ಮಾಡಿ. ಫೈಲುಗಳನ್ನು ಮಗುವಿನ ಕೈಯಿಂದಲೇ ಮರಳಿ ಹಾಕಿಸಿ, ಮುಂದಿನ ಸಲ ಅದು ನಿಮ್ಮನ್ನು ಕಾಯುವುದಿಲ್ಲ.